ಮಣ್ಣಿನ ಸಂಶೋಧನೆ ಸಾರಜನಕದಿಂದ ಇಂಗಾಲದ ಕಡೆಗೆ ಹೊರಳಿದ್ದು ಅಗತ್ಯಕ್ಕೋ, ಅನುದಾನಕ್ಕೋ?

ಎರೆಭೂಮಿ: ನಾನು ಓದುತ್ತಿದ್ದ ಎಂಬತ್ತರ ದಶಕದಲ್ಲಿ ಮಣ್ಣುವಿಜ್ಞಾನದ ಪ್ರಬಂಧವೆಂದರೆ ಬಹುಮಟ್ಟಿಗೆ ಸಾರಜನಕ, ರಂಜಕ, ಪೊಟ್ಯಾಷ್‌ಗೆ ಬೆಳೆ ಎಷ್ಟು ಇಳುವರಿ ಕೊಟ್ಟಿತೆಂಬ ಲೆಕ್ಕ, ಇಲ್ಲವೇ ಗುಂಡಿ ತೋಡಿ ಪದರಗಳನ್ನು ನೋಡಿ ಮಣ್ಣನ್ನು ವರ್ಗೀಕರಿಸುವ ಸಮೀಕ್ಷೆ. ಈಗ ಎಲ್ಲಿ ನೋಡಿದರೂ ಇಂಗಾಲ, ಸೂಕ್ಷ್ಮಜೀವಿಗಳ ಡಿಎನ್‌ಎ, ಉಪಗ್ರಹದ ದತ್ತಾಂಶದಿಂದ ಕಂಪ್ಯೂಟರ್ ಬರೆಯುವ ನಕ್ಷೆ. ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕು ಪಾಲಿನಂತೆ ಹೆಚ್ಚಿಸುವ ಸಂಕಲ್ಪ 2015ರ ಪ್ಯಾರಿಸ್ ಹವಾಮಾನ ಸಮಾವೇಶದಲ್ಲಿ ಹೊರಬಿದ್ದ ಮೇಲೆ ಈ ಒಲವು ಇನ್ನೂ ಬಲವಾಗಿದೆ. ಬದಲಾದದ್ದು ಮಣ್ಣಿನ ಸಮಸ್ಯೆಯೋ, ಹಣ ಕೊಡುವವರ ಪ್ರಶ್ನೆಯೋ ಎಂಬ ಅನುಮಾನ ನನ್ನದು.

ಕೆಮ್ಮಣ್ಣು: ಪ್ರಶ್ನೆ ಹುಟ್ಟಿದ್ದು ನೀವು ಹೇಳುವ ಗೊಬ್ಬರದ ಲೆಕ್ಕದಿಂದಲೇ, ಸರ್. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1986ರಿಂದ ರಾಗಿ ಮತ್ತು ಮೆಕ್ಕೆಜೋಳದ ಮೇಲೆ ನಡೆದಿರುವ ದೀರ್ಘಾವಧಿ ಗೊಬ್ಬರ ಪ್ರಯೋಗವನ್ನೇ ನೋಡಿ. ಬರಿಯ ಸಾರಜನಕ ಉಂಡ ತಾಕುಗಳಲ್ಲಿ ಕೆಂಪುಮಣ್ಣು ಹುಳಿಯಾಗುತ್ತಾ ಹೋಗಿ ಇಳುವರಿ ಕುಸಿದರೆ, ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಜೊತೆ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತಾಕುಗಳು ತಾಳಿಕೊಂಡವು. ಅದೇಕೆ ಎಂದು ಕೇಳಿದವರು ಸಾವಯವ ಇಂಗಾಲಕ್ಕೂ, ಅಂದರೆ ಕೊಳೆಯುವ ಗಿಡ-ಗೊಬ್ಬರಗಳಿಂದ ಮಣ್ಣಿಗೆ ಸೇರುವ ಇಂಗಾಲಕ್ಕೂ, ಮಣ್ಣಿನ ಸೂಕ್ಷ್ಮಜೀವಿಗಳಿಗೂ ಬಂದು ನಿಲ್ಲಲೇಬೇಕಿತ್ತು.

ರಾಗಿಕಣ: ನಾನು ಕೃಷಿಕ. ನನ್ನ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಜೀವಿಗಳ ಬಗ್ಗೆ ಒಂದೂ ಇಲ್ಲ. ಯೋಜನೆ ಆರಂಭವಾದಾಗ ಖುಷ್ಕಿ ಜಮೀನಿನಲ್ಲಿ 10 ಹೆಕ್ಟೇರಿಗೆ ಒಂದು ಮಣ್ಣಿನ ಮಾದರಿ ಎಂದು ನಿಗದಿ ಮಾಡಿದ್ದರು. ಅಷ್ಟರೊಳಗೆ ನಮ್ಮಲ್ಲಿ ದಿಬ್ಬದ ಗರಸೂ ಬರುತ್ತದೆ, ಕೆರೆ ಕೆಳಗಿನ ಜಿಗುಟು ಮಣ್ಣೂ ಬರುತ್ತದೆ. ನಿಮ್ಮ ಹೊಸ ಒಲವು ನನ್ನ ಹೊಲದವರೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಕೆಮ್ಮಣ್ಣು: ಮಾತು ನಿಜ. ಆ ಚೀಟಿಯ ಸಾವಯವ ಇಂಗಾಲವನ್ನು ಸಾಮಾನ್ಯವಾಗಿ ಅಳೆಯುವುದು 1934ರ ವಾಕ್ಲಿ-ಬ್ಲ್ಯಾಕ್ ಎಂಬ ರಾಸಾಯನಿಕ ವಿಧಾನದಿಂದ. ಅದು ಇಂಗಾಲದ ಸುಮಾರು ಮುಕ್ಕಾಲು ಪಾಲನ್ನು ಮಾತ್ರ ಹಿಡಿಯುವುದರಿಂದ ಬಂದ ಅಂಕಿಯನ್ನು 1.3ರಿಂದ ಗುಣಿಸುವ ರೂಢಿಯಿದೆ. ಅನೇಕ ಪ್ರಯೋಗಾಲಯಗಳು ಸಾರಜನಕ ಕಡಿಮೆಯೋ ಹೆಚ್ಚೋ ಎಂಬುದನ್ನೂ ಇದೇ ಅಂಕಿಯಿಂದ ಊಹಿಸುತ್ತವೆ.

ಎರೆಭೂಮಿ: ಒಂದು ವಿಷಯದಲ್ಲಿ ಸೋಲೊಪ್ಪುತ್ತೇನೆ. ಕ್ಷಾರದಲ್ಲಿ ಕರಗಿಸಿ ತೆಗೆದ ಕಪ್ಪು ವಸ್ತುವನ್ನೇ ನಾವು ಹ್ಯೂಮಸ್ ಎಂದು ಕಲಿತೆವು, ಕಲಿಸಿದೆವು ಕೂಡ. 2015ರಲ್ಲಿ ಮಣ್ಣುವಿಜ್ಞಾನಿಗಳಾದ ಲೇಮನ್ ಮತ್ತು ಕ್ಲೆಬರ್ ಆ ಕಲ್ಪನೆಯನ್ನೇ ಪ್ರಶ್ನಿಸಿ, ಸಾವಯವ ವಸ್ತು ಹಂತ ಹಂತವಾಗಿ ಕೊಳೆಯುತ್ತಾ ಜೇಡಿಯ ಕಣಗಳಿಗೆ ಅಂಟಿ ಉಳಿಯುತ್ತದೆಂದು ವಾದಿಸಿದರು. ಇದನ್ನು ಅನುದಾನದ ಗಾಳಿ ಎನ್ನಲಾರೆ. ಆದರೆ ನಕ್ಷೆಗಳ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ: ಕಂಪ್ಯೂಟರ್‌ಗೆ ಕಲಿಸಲು ಬೇಕಾದದ್ದು ಹಿಂದಿನವರು ತೋಡಿದ ಗುಂಡಿಗಳ ದಾಖಲೆಯೇ, ಹೊಸ ಗುಂಡಿ ತೋಡುವ ಕೆಲಸಕ್ಕೆ ಮಾತ್ರ ಯಾರಿಗೂ ಉತ್ಸಾಹವಿಲ್ಲ.

ರಾಗಿಕಣ: ತೋಡುವುದಾದರೆ ದಿಬ್ಬದಲ್ಲೊಂದು, ಕೆರೆ ಕೆಳಗೊಂದು ಗುಂಡಿಗೆ ನನ್ನ ಹೊಲದಲ್ಲಿ ಜಾಗವಿದೆ. ರಾಗಿ ಕೊಯ್ಲು ಮುಗಿದ ಮೇಲೆ ಬನ್ನಿ.