ಜರ್ಮನಿಯೋ ಅಮೆರಿಕವೋ? ಸಂಬಳ ಬಿಟ್ಟು ಇನ್ನೇನು ನೋಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಮಗಳಿಗೆ ಮೂರು ವರ್ಷ. ನನಗೆ ಎರಡು ಕಡೆ ಕೆಲಸ ಸಿಕ್ಕಿದೆ. ಒಂದು ಜರ್ಮನಿಯಲ್ಲಿ, ಬ್ಲೂ ಕಾರ್ಡ್ (ನುರಿತ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಮೇಲೆ. ಇನ್ನೊಂದು ಅಮೆರಿಕದಲ್ಲಿ, ಎಚ್-1ಬಿ ಕೆಲಸದ ವೀಸಾ ಮೇಲೆ. ಅಮೆರಿಕದ ಸಂಬಳ ಹೆಚ್ಚುಕಮ್ಮಿ ಎರಡರಷ್ಟಿದೆ. ಎರಡು ವಾರದಿಂದ ಮಾನವ ಅಭಿವೃದ್ಧಿ ಸೂಚ್ಯಂಕ, ಸಂತೋಷದ ಸೂಚ್ಯಂಕ ಅಂತ ಸಿಕ್ಕಿದ್ದೆಲ್ಲ ಓದಿದ್ದೇನೆ. ಎರಡೂ ದೇಶ ಮೇಲಿನ ಸಾಲಿನಲ್ಲೇ ಇವೆ. ಅದರಿಂದ ನಮ್ಮ ಮನೆಯ ಪ್ರಶ್ನೆ ಬಗೆಹರಿಯುತ್ತಿಲ್ಲ. ಎರಡೂ ಕಡೆ ಇದ್ದವರು ದಯವಿಟ್ಟು ಹೇಳಿ, ದಿನದಿನದ ಬದುಕು ಹೇಗಿರುತ್ತದೆ? ಹೆಂಡತಿ ಕೆಲಸ ಬಿಡಲು ತಯಾರಿಲ್ಲ, ಅದನ್ನೂ ಗಮನದಲ್ಲಿಡಿ.

ಉತ್ತರ 1

ಕೊನೆಯ ಸಾಲನ್ನು ಮೊದಲು ಬರೆಯಬೇಕಿತ್ತು ನೀವು. ಅಮೆರಿಕಕ್ಕೆ ನಿಮ್ಮ ಹೆಂಡತಿ ಬರುವುದು ಎಚ್-4 ಮೇಲೆ, ಅಂದರೆ ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾ. ನಿಮ್ಮ ಗ್ರೀನ್ ಕಾರ್ಡಿಗೆ (ಕಾಯಂ ವಾಸದ ಪರವಾನಗಿಗೆ) ಕಂಪನಿ ಹಾಕುವ ಐ-140 ಅರ್ಜಿ ಒಪ್ಪಿಗೆಯಾಗುವವರೆಗೆ ಸಾಮಾನ್ಯವಾಗಿ ಅವರಿಗೆ ಕೆಲಸದ ಪರ್ಮಿಟ್ ಸಿಗುವುದಿಲ್ಲ. ಜರ್ಮನಿಯಲ್ಲಿ ಬ್ಲೂ ಕಾರ್ಡ್‌ನವರ ಸಂಗಾತಿ ಬಂದ ಕೂಡಲೇ ಕೆಲಸಕ್ಕೆ ಸೇರಬಹುದು. ಹಾಗಾಗಿ ಒಂದು ಸಂಬಳಕ್ಕೆ ಎರಡು ಸಂಬಳವನ್ನು ಹೋಲಿಸಿ ನೋಡಿ, ಆ ‘ಎರಡರಷ್ಟು’ ಎಷ್ಟಕ್ಕೆ ಇಳಿಯುತ್ತದೆ ಅಂತ.

ನಾನು ಅಮೆರಿಕದಲ್ಲಿ ಒಂಬತ್ತು ವರ್ಷ ಇದ್ದೆ, ಈಗ ಜರ್ಮನಿಗೆ ಬಂದು ನಾಲ್ಕು ವರ್ಷ. ಅಲ್ಲಿ ಒಮ್ಮೆ ಕೆಲಸ ಹೋಯಿತು. ಎಚ್-1ಬಿಯಲ್ಲಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಅದೂ ಇಲ್ಲವೆಂದರೆ ಗಂಟುಮೂಟೆ ಕಟ್ಟಬೇಕು. ಫ್ರಿಜ್ ಬಾಗಿಲ ಮೇಲಿನ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದೆ. 41ನೇ ದಿನ ಕೆಲಸ ಸಿಕ್ಕಿತು. ಆ ದಿನಗಳಲ್ಲಿ ಮಗ ‘ಶಾಲೆ ಬದಲಾಗುತ್ತಾ?’ ಅಂತ ದಿನಾ ಕೇಳುತ್ತಿದ್ದ. ಆ ಪ್ರಶ್ನೆಗೆ ಯಾವ ಪಟ್ಟಿಯಲ್ಲೂ ಅಂಕ ಇಲ್ಲ. ಜರ್ಮನಿಯಲ್ಲಿ ಒಂದು ವರ್ಷ ನಿರುದ್ಯೋಗ ವಿಮೆ ಕಟ್ಟಿದ್ದರೆ ಕೆಲಸ ಹೋದಾಗ ಕೈಗೆ ಬರುತ್ತಿದ್ದ ಸಂಬಳದ ಶೇ 60, ಮಕ್ಕಳಿದ್ದರೆ ಶೇ 67, ಕೆಲವು ತಿಂಗಳು ಸಿಗುತ್ತದೆ.

ಇನ್ನು ಗ್ರೀನ್ ಕಾರ್ಡ್. ಒಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸಾಲು ತುಂಬಾ ಉದ್ದ. ಮಗಳಿಗೆ 21 ತುಂಬಿದರೆ ನಿಮ್ಮ ವೀಸಾದ ನೆರಳಿನಿಂದ ಹೊರಬೀಳುತ್ತಾಳೆ. ಇಲ್ಲಿ ಬ್ಲೂ ಕಾರ್ಡ್‌ನಲ್ಲಿ 27 ತಿಂಗಳಿಗೆ ಕಾಯಂ ಪರವಾನಗಿ ಕೇಳಬಹುದು, ಬಿ1 ಮಟ್ಟದ (ಮಧ್ಯಮ ಮಟ್ಟದ) ಜರ್ಮನ್ ಭಾಷೆ ಬಂದರೆ 21 ತಿಂಗಳಿಗೇ.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಜರ್ಮನಿಯ ಕಷ್ಟವನ್ನೂ ಹೇಳಬೇಕಲ್ವಾ. ನಾನು ಇಲ್ಲಿ ಆರು ವರ್ಷದಿಂದ ಇದ್ದೇನೆ. ಒಂದು ವರ್ಷ ದಾಟಿದ ಮಗುವಿಗೆ ಕಿಟಾದಲ್ಲಿ, ಅಂದರೆ ಶಿಶುವಿಹಾರದಲ್ಲಿ, ಸೀಟು ಸಿಗುವುದು 2013ರಿಂದ ಕಾನೂನಿನ ಹಕ್ಕು. ಆದರೆ ಸೀಟೇ ಇಲ್ಲದಿದ್ದರೆ ಹಕ್ಕು ಇಟ್ಟುಕೊಂಡು ಏನು ಮಾಡುವುದು? ನಾವು 11 ತಿಂಗಳು ಕಾದೆವು. ಅಷ್ಟು ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಹಾಗಾಗಿ ‘ಬಂದ ಕೂಡಲೇ ಎರಡು ಸಂಬಳ’ ಅಂತ ಲೆಕ್ಕ ಹಾಕಬೇಡಿ. ಭಾಷೆ ಬರದಿದ್ದರೆ ಆಫೀಸಿನ ಹೊರಗೆ ಎಲ್ಲವೂ ಕಷ್ಟ, ಪೋಸ್ಟಿನಲ್ಲಿ ಬರುವ ಪತ್ರ ಓದುವುದರಿಂದ ಹಿಡಿದು. ತಜ್ಞ ವೈದ್ಯರ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಆದರೂ ನಾನು ಇಲ್ಲೇ ಇರುತ್ತೇನೆ. ಒಂದು ಭಾನುವಾರ ಮಗನಿಗೆ ಜ್ವರ ಏರುತ್ತಲೇ ಹೋಯಿತು. ವೈದ್ಯರ ಸಹಾಯವಾಣಿ 116117ಕ್ಕೆ ಫೋನ್ ಮಾಡಿ ಕೇಳಿದೆವು, ತುರ್ತು ಪಾಳಿಯ ವೈದ್ಯರ ಹತ್ತಿರ ಹೋದೆವು, ವಿಮೆ ಕಾರ್ಡ್ ಕೊಟ್ಟೆವು, ವಾಪಸ್ ಬಂದೆವು. ಮನೆಗೆ ಯಾವ ಬಿಲ್ಲೂ ಬರಲಿಲ್ಲ. ಮಗುವನ್ನು ನೋಡಿಕೊಳ್ಳಲು ತೆಗೆದುಕೊಂಡ ರಜೆಗೂ ಸಂಬಳದ ದೊಡ್ಡ ಪಾಲನ್ನು ವಿಮೆಯವರೇ ಕೊಟ್ಟರು.

ಉತ್ತರ 3

ಅಮೆರಿಕದ ಪರವಾಗಿ ಯಾರೂ ಮಾತಾಡಿಲ್ಲ. ನನಗೆ ಇಲ್ಲಿ 12 ವರ್ಷ ಆಯಿತು, ಖುಷಿಯಾಗಿದ್ದೇನೆ. ಭಾಷೆಯ ತೊಡಕಿಲ್ಲ. ಕೆಲಸದಲ್ಲಿ ಬೇಗ ಬೆಳೆಯಬಹುದು. ಉಳಿತಾಯವೂ ಜಾಸ್ತಿ. ಸುಮ್ನೆ ಹೆದರಬೇಡಿ, ಆಫರ್ ಲೆಟರನ್ನು ಸರಿಯಾಗಿ ಓದಿ. ಸಂಬಳ ಸಹಿತ ರಜೆ ಕೊಡಲೇಬೇಕು ಅಂತ ಫೆಡರಲ್ ಕಾನೂನಿಲ್ಲ (ಜರ್ಮನಿಯಲ್ಲಿ ವಾರಕ್ಕೆ ಐದು ದಿನ ದುಡಿಯುವವರಿಗೆ ಕನಿಷ್ಠ 20 ದಿನ), ಆದ್ದರಿಂದ ಎಷ್ಟು ದಿನ ಅಂತ ಬರಹದಲ್ಲೇ ಇರಲಿ. ಆರೋಗ್ಯ ವಿಮೆಯಲ್ಲಿ ಪ್ರೀಮಿಯಂ ಒಂದನ್ನೇ ನೋಡಬೇಡಿ, ಡಿಡಕ್ಟಿಬಲ್ (ವಿಮೆಯವರು ಕೊಡಲು ಶುರು ಮಾಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ) ಮತ್ತು ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್ ಕೇಳಿ. ಕೆಟ್ಟ ವರ್ಷದಲ್ಲಿ ನಿಮ್ಮ ಕೈಯಿಂದ ಎಷ್ಟು ಹೋಗಬಹುದು ಅಂತ ಹೇಳುವುದು ಅದೇ. ರಾಜ್ಯ ಯಾವುದು ಅನ್ನುವುದೂ ಮುಖ್ಯ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಇದೆ.

ಒಂದು ವಿಷಯ ಮಾತ್ರ ನನಗೂ ನೋವು ಕೊಡುತ್ತದೆ. ಸೋಷಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಪಿಂಚಣಿ ಯೋಜನೆಗೆ ಸಂಬಳದ ಶೇ 6.2 ಹೋಗುತ್ತದೆ. ಆ ಪಿಂಚಣಿ ಬೇಕೆಂದರೆ ಸುಮಾರು ಹತ್ತು ವರ್ಷ ದುಡಿದಿರಬೇಕು. ಭಾರತದ ಜೊತೆ ಅಮೆರಿಕಕ್ಕೆ ಇದರ ಬಗ್ಗೆ ಒಪ್ಪಂದ ಇಲ್ಲ. ಆರು ವರ್ಷಕ್ಕೇ ವಾಪಸಾದ ಗೆಳೆಯನಿಗೆ ಕಟ್ಟಿದ್ದರಲ್ಲಿ ಏನೂ ಸಿಗಲಿಲ್ಲ. ಜರ್ಮನಿಗೆ ಭಾರತದ ಜೊತೆ ಅಂಥ ಒಪ್ಪಂದ ಇದೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ರಾತ್ರಿ ಇಬ್ಬರೂ ಕೂತು ಎಲ್ಲವನ್ನೂ ಓದಿದೆವು. ಎಚ್-4 ವಿಷಯ ಓದಿ ಹೆಂಡತಿ ಲ್ಯಾಪ್‌ಟಾಪ್ ಮುಚ್ಚಿಟ್ಟಳು. ಐ-140 ಅರ್ಜಿ ಯಾವಾಗ ಹಾಕುತ್ತೀರಿ ಅಂತ ಅಮೆರಿಕದ ಕಂಪನಿಗೆ ಮೇಲ್ ಮಾಡಿದ್ದೇನೆ. ಬರಹದಲ್ಲಿ ಉತ್ತರ ಕೊಡದಿದ್ದರೆ ಜರ್ಮನಿಯೇ. ಕಿಟಾಗೆ ಇಲ್ಲಿಂದಲೇ ಅರ್ಜಿ ಹಾಕಬಹುದಾ?

ಉತ್ತರ 2

ಊರಿನ ಮೇಲೆ ಹೋಗುತ್ತದೆ. ಆನ್‌ಲೈನ್ ನೋಂದಣಿ ಇರುವ ಊರಾದರೆ ಈ ವಾರವೇ ಹಾಕಿ, ಒಂದಕ್ಕೇ ನಿಲ್ಲಿಸಬೇಡಿ. ನಾನು 14 ಕಿಟಾಗಳಿಗೆ ಬರೆದಿದ್ದೆ, ಎರಡು ಕಡೆಯಿಂದ ಉತ್ತರ ಬಂತು.