ಬೆಳಿಗ್ಗೆ ಇದ್ದ ಪರಿಮಳ ಸಂಜೆ ಇಲ್ಲ: ಕಾರಣ ಆರ್ಕಿಡ್ ಹೂವೋ, ನನ್ನ ಮೂಗೋ?

ಪ್ರಶ್ನೆ:
ನನ್ನಲ್ಲಿರುವ ಫಲನಾಪ್ಸಿಸ್ ಬೆಲ್ಲಿನಾ ಎಂಬ ಆರ್ಕಿಡ್ ಗಿಡ ಮೊದಲ ಸಲ ಹೂ ಬಿಟ್ಟಿದೆ. ಬೆಳಿಗ್ಗೆ 10 ಗಂಟೆಯ ಹೊತ್ತಿಗೆ ನಿಂಬೆಯನ್ನೂ ಗುಲಾಬಿಯನ್ನೂ ಬೆರೆಸಿದಂತಹ ಪರಿಮಳ ಕೋಣೆಯನ್ನು ತುಂಬುತ್ತದೆ. ಸಂಜೆ ಎಸಳಿಗೆ ಮೂಗು ತಾಗಿಸಿದರೂ ಏನೂ ತಿಳಿಯುವುದಿಲ್ಲ. ಹೂವು ಬಾಡಿಲ್ಲ, ಮರುದಿನ ಮತ್ತೆ ಅದೇ ಕಂಪು. ಹೀಗೇಕೆ?

ಉತ್ತರ 1:
ಮುಖ್ಯ ಕಾರಣ ಹೂವೇ. ಪರಿಮಳವು ಶೀಶೆಯಲ್ಲಿನ ಅತ್ತರಿನಂತೆ ಎಸಳಿನೊಳಗೆ ತುಂಬಿಟ್ಟದ್ದಲ್ಲ. ಜೀವಕೋಶಗಳು ಅದನ್ನು ಹೊತ್ತುಹೊತ್ತಿಗೆ ತಯಾರಿಸಿ ಗಾಳಿಗೆ ಬಿಡುತ್ತವೆ. ಬೆಲ್ಲಿನಾದಲ್ಲಿ ಪ್ರಧಾನವಾದವು ಲಿನಲೂಲ್ ಮತ್ತು ಜೆರಾನಿಯಾಲ್. ಎರಡೂ ಹತ್ತು ಇಂಗಾಲದ ಪರಮಾಣುಗಳಿರುವ, ಸುಲಭವಾಗಿ ಆವಿಯಾಗುವ ಸಂಯುಕ್ತಗಳು. ನಿಮಗೆ ಗುಲಾಬಿಯ ನೆನಪು ತರುತ್ತಿರುವುದು ಜೆರಾನಿಯಾಲ್. ಈ ತಯಾರಿಕೆ ಹಗಲಿನಲ್ಲಿ ಏರಿ ಕತ್ತಲಾದಂತೆ ಇಳಿಯುತ್ತದೆ. ಮಡಗಾಸ್ಕರದ ಆಂಗ್ರೇಕಮ್ ಸೆಸ್ಕ್ವಿಪೆಡೇಲ್ ಎಂಬ ಆರ್ಕಿಡ್ ಇದಕ್ಕೆ ತದ್ವಿರುದ್ಧ: ಅದರ ಪರಾಗಸ್ಪರ್ಶ ಮಾಡುವುದು ನಿಶಾಚರ ಪತಂಗವಾದ್ದರಿಂದ ಅದು ರಾತ್ರಿಯೇ ಘಮಘಮಿಸುತ್ತದೆ.

ಉತ್ತರ 2:
ಮೂಗನ್ನು ಪೂರ್ತಿ ನಿರ್ದೋಷಿ ಎನ್ನಲಾರೆ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕುಳಿತರೆ ಘ್ರಾಣೇಂದ್ರಿಯ ಅದಕ್ಕೆ ಒಗ್ಗಿಹೋಗಿ ಗಮನಿಸುವುದನ್ನೇ ಬಿಡುತ್ತದೆ; ಆದ್ದರಿಂದ ಸಂಜೆ ಕಾಲು ಗಂಟೆ ಹೊರಗಿದ್ದು ಬಂದು ಮೂಸಿ ನೋಡಿ. ಜೊತೆಗೆ, ಮನುಷ್ಯರಲ್ಲಿ ವಾಸನೆಯ ಅಣುಗಳನ್ನು ಗುರುತಿಸುವ ಸುಮಾರು 400 ಬಗೆಯ ಘ್ರಾಣ ಗ್ರಾಹಕಗಳಿದ್ದು, ಅವುಗಳ ವಂಶವಾಹಿಗಳು ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲ. ಹಲವು ಹೂಗಳಲ್ಲಿರುವ ಬೀಟಾ-ಅಯೊನೋನ್ ಕೆಲವರಿಗೆ ಸೊಗಸಾದ ಹೂವಿನ ಕಂಪು, ಇನ್ನು ಕೆಲವರಿಗೆ ಹುಳಿ ಬೆರೆತ ಕಮಟು. ಇದರ ಹಿಂದಿರುವುದು ಬಹುಮಟ್ಟಿಗೆ ಒಂದೇ ಗ್ರಾಹಕದ ವ್ಯತ್ಯಾಸ. ಪ್ರಮಾಣವೂ ಮುಖ್ಯ: ಇಂಡೋಲ್ ಎಂಬ ಸಂಯುಕ್ತ ಅತ್ಯಲ್ಪವಾಗಿದ್ದರೆ ಮಲ್ಲಿಗೆ, ಹೆಚ್ಚಾದರೆ ಮಲದ ನಾತ.

ಉತ್ತರ 3:
ಒಂದು ತಿದ್ದುಪಡಿ. ನಮಗೆ ತಿಳಿಯದ ಮಾತ್ರಕ್ಕೆ ಹೂವು ಏನನ್ನೂ ಬಿಡುತ್ತಿಲ್ಲ ಎಂದು ತೀರ್ಮಾನಿಸಬಾರದು. ಪರಿಮಳ ನಮಗಾಗಿ ಹುಟ್ಟಿದ್ದಲ್ಲವಲ್ಲ. ಆಸ್ಟ್ರೇಲಿಯಾದ ಕೈಲೊಗ್ಲಾಟಿಸ್ ಆರ್ಕಿಡ್ ಹೆಣ್ಣು ಕಣಜ ಸೂಸುವ ರಾಸಾಯನಿಕವನ್ನೇ ತಾನೂ ಸೂಸಿ ಗಂಡನ್ನು ವಂಚಿಸುತ್ತದೆ. 2003ರಲ್ಲಿ ಗುರುತಿಸಲಾದ ಆ ಒಂದೇ ಸಂಯುಕ್ತವನ್ನು ಪುಟ್ಟ ಮಣಿಗೆ ಸವರಿಟ್ಟರೂ ಗಂಡು ಕಣಜ ಹಾರಿಬಂದು ಅದನ್ನು ಅಪ್ಪಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಹೊರಗೆ ಹೋಗಿ ಬಂದು ಮೂಸಿದೆ, ಏನೂ ಇರಲಿಲ್ಲ. ಇಂದು ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲೇ ನಿಂಬೆಯ ಕಂಪು ಮೂಗಿಗೆ ಬಡಿಯಿತು. ಹಾಗಾಗಿ ಈ ಮಟ್ಟಿಗೆ ನನ್ನ ಮೂಗಿನ ಮೇಲಿನ ಆರೋಪವನ್ನು ಹಿಂತೆಗೆದುಕೊಳ್ಳುತ್ತೇನೆ.