‘ಮಗಳು ಬದಲಾಗಿದ್ದಾಳೆ’ ಎಂದ ತಾಯಿಗೆ ಓದುಗರ ಸ್ಪಂದನ

‘ಯೂನಿವರ್ಸಿಟಿ ಸೇರಿದ ಮೇಲೆ ಮಗಳು ಮನೆಯ ರೀತಿನೀತಿಯನ್ನೆಲ್ಲ ಪ್ರಶ್ನಿಸುತ್ತಾಳೆ. ನಾವು ಕಲಿಸಿದ್ದು ನೀರಲ್ಲಿ ಹೋಮವಾಯಿತೇ?’ ಎಂದು ಕೇಳಿದ್ದ ತಾಯಿಗೆ ಬಂದ ಪತ್ರಗಳಲ್ಲಿ ಮೂರು:

ಅಮ್ಮಾ, ನಾನು ಮನಶ್ಶಾಸ್ತ್ರದ ಅಧ್ಯಾಪಕಿ. ಅಜ್ಜಿಗೆ ಹುಷಾರಿಲ್ಲ ಎಂದು ಗೊತ್ತಾದ ಕೂಡಲೇ ಮಗಳು ರಾತ್ರಿ ಬಸ್ಸು ಹತ್ತಿ ಬಂದಳು, ಮೂರು ರಾತ್ರಿ ಆಸ್ಪತ್ರೆಯಲ್ಲಿ ಕೂತಳು ಎಂದು ನೀವೇ ಬರೆದಿದ್ದೀರಿ. ಅದನ್ನು ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ. ನೀವು ಅತ್ತೆಯನ್ನು ನೋಡಿಕೊಂಡಿದ್ದನ್ನು ಕಂಡು ಬೆಳೆದಳು, ಅಷ್ಟೆ. ಅವಳು ಕೇಳುತ್ತಿರುವುದು ‘ತಮ್ಮನಿಗಿಲ್ಲದ ಕಟ್ಟುಪಾಡು ನನಗೇಕೆ’ ಅಂತ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಜೋನ್ ಗ್ರೂಸೆಕ್ ಮತ್ತು ಜಾಕ್ವೆಲಿನ್ ಗುಡ್‌ನೌ ಎಂಬ ಮನಶ್ಶಾಸ್ತ್ರಜ್ಞೆಯರು 1994ರಲ್ಲಿ ಹೇಳಿದ ಮಾತನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ: ಮನೆಯ ಮೌಲ್ಯ ಮಕ್ಕಳದೇ ಆಗಬೇಕಾದರೆ ಮೊದಲು ಹೆತ್ತವರು ಹೇಳಿದ್ದು ಸರಿಯಾಗಿ ಅರ್ಥವಾಗಬೇಕು, ಆಮೇಲೆ ಮನಸ್ಸಿಗೆ ಒಪ್ಪಿಗೆಯಾಗಬೇಕು. ನಿಮ್ಮ ಮಗಳು ಈ ಎರಡನೆಯ ಹಂತದಲ್ಲಿದ್ದಾಳೆ. ಬೈದು ಬಾಯಿ ಮುಚ್ಚಿಸಿದರೆ ಒಪ್ಪಿಗೆ ಹುಟ್ಟುವುದಿಲ್ಲ.
– ಒಬ್ಬ ಅಧ್ಯಾಪಕಿ

ಅಮ್ಮಾ, ಮನೆಯಲ್ಲಿ ಕಲಿಸಿದ್ದೊಂದೇ ಮಕ್ಕಳನ್ನು ರೂಪಿಸುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಬೆನಿಂಗ್ಟನ್ ಕಾಲೇಜಿನ ವಿದ್ಯಾರ್ಥಿನಿಯರನ್ನು ಥಿಯೊಡೋರ್ ನ್ಯೂಕಂಬ್ ಎಂಬ ಮನಶ್ಶಾಸ್ತ್ರಜ್ಞ 1935ರಿಂದ 1939ರವರೆಗೆ ಅಧ್ಯಯನ ಮಾಡಿದರು. ಸಂಪ್ರದಾಯಸ್ಥ ಮನೆಗಳಿಂದ ಬಂದಿದ್ದ ಎಷ್ಟೋ ಹುಡುಗಿಯರ ರಾಜಕೀಯ ನಿಲುವು ಓದು ಮುಗಿಯುವಷ್ಟರಲ್ಲಿ ಬದಲಾಗಿತ್ತು. 1960ರ ಸುಮಾರಿಗೆ ಮತ್ತೆ ವಿಚಾರಿಸಿದಾಗಲೂ ಹೆಚ್ಚಿನವರು ಆ ಹೊಸ ನಿಲುವಿನಲ್ಲೇ ಇದ್ದರು. ಗೆಳೆಯರು, ಮೇಷ್ಟ್ರುಗಳು, ಹಾಸ್ಟೆಲು, ಇವುಗಳ ಪ್ರಭಾವ ಅಷ್ಟು ಗಟ್ಟಿ. ನನ್ನ ಮಗನಿಗೆ ದಿನಾ ರಾತ್ರಿ ಫೋನ್ ಮಾಡಿ ಅಟೆಂಡೆನ್ಸು, ಮಾರ್ಕ್ಸು, ದುಡ್ಡು, ಇಷ್ಟನ್ನೇ ಕೇಳುತ್ತಿದ್ದೆ. ಅವನು ‘ಹೂಂ, ಆಯ್ತು, ಇದೆ’ ಎಂದು ಇಟ್ಟುಬಿಡುತ್ತಿದ್ದ. ಮನಸ್ಸಿನ ಮಾತೆಲ್ಲ ರೂಮ್‌ಮೇಟ್ ಪಾಲಾಗಿತ್ತು. ಮನೆಗೆ ಸಾಲ ಮಾಡುವ ಪ್ರಸಂಗ ಬಂದಾಗ ಒಮ್ಮೆ ‘ನೀನೇನು ಹೇಳ್ತೀಯಪ್ಪ’ ಎಂದು ಕೇಳಿದೆ. ಅವತ್ತು ನಲವತ್ತು ನಿಮಿಷ ಮಾತಾಡಿದ. ತಂಗಿಯ ಓದಿಗೆಂದು ತೆಗೆದಿಟ್ಟ ಹಣ ಮಾತ್ರ ಮುಟ್ಟಬೇಡಿ ಅಪ್ಪ ಅಂದ. ನನಗೆ ಗಂಟಲು ಕಟ್ಟಿತು.
– ಒಬ್ಬ ತಂದೆ

ಆಂಟಿ, ನಾನೂ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನಿಮ್ಮ ಮಗಳು ಇನ್ನೂ ನಿಮ್ಮ ಜೊತೆ ವಾದ ಮಾಡುತ್ತಾಳಲ್ಲ, ಓದಿ ಹೊಟ್ಟೆಕಿಚ್ಚಾಯಿತು. ನಾನು ಮನೆಯಲ್ಲಿ ವಾದ ಮಾಡುವುದನ್ನೇ ಬಿಟ್ಟಿದ್ದೇನೆ. ಎಲ್ಲದಕ್ಕೂ ತಲೆಯಾಡಿಸುತ್ತೇನೆ, ಹಾಸ್ಟೆಲಿಗೆ ಬಂದು ನನಗೆ ಬೇಕಾದ ಹಾಗೆ ಇರುತ್ತೇನೆ. ತಮ್ಮನ ವಿಷಯ ಕೇಳಿದ್ದಾಳಲ್ಲ, ಅದಕ್ಕೊಂದು ನಿಜವಾದ ಉತ್ತರ ಕೊಡಿ, ಪ್ಲೀಸ್.